ಬದುವಿನ ಬಾರಿಕಂಟಿ ಯಾರ ಪಾಲು?

ಗದಗ ತಾಲೂಕಿನ ಅಂತೂರ ಬೆಂತೂರದ ಎರಿ ಹೊಲ. ಎಳ್ಳ ಅಮಾವಾಸ್ಯೆ ಮುಗಿದಿದೆ, ಸಂಕ್ರಾಂತಿ ಇನ್ನೂ ಬಂದಿಲ್ಲ. ಹಿಂಗಾರಿ ಜೋಳ ಹಾಲುಗಾಳಿಗೆ ಬಂದಿದೆ, ಪಕ್ಕದ ತುಂಡಿನಲ್ಲಿ ಕಡಲೆ ಕಾಯಿ ಕಟ್ಟಿದೆ. ಬಡಗಣ ಬದುವಿನ ಉದ್ದಕ್ಕೂ ಬಾರಿಕಂಟಿ, ನಡುನಡುವೆ ಬೇವು, ಎರಡರ ಮೇಲೂ ಹಬ್ಬಿದ ಕಾಡುತೊಂಡೆಯ ಬಳ್ಳಿ. ಸುಗ್ಗಿ ಮುಗಿದೊಡನೆ ಜೆಸಿಬಿ ತರಿಸಿ ಅದಿಷ್ಟನ್ನೂ ತೆಗೆಸುವುದೆಂದು ಹೊಲದ ಯಜಮಾನರು ನಿಶ್ಚಯಿಸಿದ್ದಾರೆ. ಗದಗಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಣ್ಣನ ಮಗ ಬೇಡವೆನ್ನುತ್ತಾನೆ. ರವಿವಾರ ಮುಂಜಾನೆ ಇಬ್ಬರೂ ಅದೇ ಬದುವಿನ ಮೇಲೆ ಕೂತಿದ್ದಾರೆ.

ಕಿರಿಯ: ಕಾಕಾ, ಜೆಸಿಬಿಯವಗ ಹೇಳಿ ಬಂದೀರಂತಲ್ಲರಿ? ಕೀಳೂದು ಎರಡ ತಾಸಿನ ಕೆಲಸ. ಆದ್ರ ಇಷ್ಟು ಕಂಟಿ ಮತ್ತ ಬೆಳಿಬೇಕಂದ್ರ ಎಷ್ಟು ವರ್ಷ ಹಿಡಿತೈತಿ, ವಿಚಾರ ಮಾಡೀರೇನು?

ಹಿರಿಯ: ವಿಚಾರ ಮಾಡೇ ಹೇಳಿ ಬಂದೀನಿ. ಈ ಬದು ಮೊದಲ ಎರಡ ಮೊಳ ಇತ್ತು. ಕಂಟಿ ಹಬ್ಬಿ ಹಬ್ಬಿ ಈಗ ಎಂಟ ಮೊಳ ಆಗೈತಿ. ಟ್ರ್ಯಾಕ್ಟರ್ ತಿರುಗಸಾಕ ಜಾಗಾ ಇಲ್ಲ. ಕಂಟಿ ಬಾಜೂಕ ನಾಕ ಸಾಲು ಜೋಳ ನೋಡು, ನನ್ನ ಸೊಂಟಕ್ಕೂ ಬಂದಿಲ್ಲ. ಹಿಂಗಾರಿ ಬೆಳಿ ನಿಲ್ಲೂದು ನೆಲದಾಗಿನ ಹಸಿ ಮ್ಯಾಲ. ಮ್ಯಾಲಿಂದ ಮಳಿ ಇಲ್ಲ. ಆ ಹಸಿ ಕಂಟಿ ಕುಡದ್ರ ಜೋಳ ಏನು ಕುಡೀಬೇಕು?

ಕಿರಿಯ: ನಾಕ ಸಾಲು ಹೋದದ್ದು ಖರೇ ಐತ್ರಿ. ಆದ್ರ ಕಂಟಿಯೊಳಗ ಏನೇನು ಐತಿ ಅನ್ನೂದನ್ನೂ ನೋಡ್ರಿ. ಈಗ ಬಾರಿ ಹಣ್ಣಾಗೈತಿ. ಬ್ಯಾಸಗಿ ಮುಗಿಯೂ ಹೊತ್ತಿಗೆ ಬೇವು ಹಣ್ಣಾಕ್ಕೈತಿ. ಮಳಿ ಬಿದ್ದ ಮ್ಯಾಲ ತೊಂಡಿಹಣ್ಣು ಕೆಂಪಗ ಆಗ್ತಾವ. ಹಳ್ಳದ ದಂಡಿಗೆ ಅತ್ತಿ, ಊರ ಮುಂದ ಆಲ. ಒಂದು ಮುಗಿಯೂದರಾಗ ಇನ್ನೊಂದು ಬರ್ತೈತಿ. ಪಿಕಳಾರ, ಕೋಗಿಲಿ, ಗೊರವಂಕ, ಕಂಚುಗಾರ ಹಕ್ಕಿ, ಇವಕ್ಕ ವರ್ಷದ ರೇಷನ್ ಇದು. ನಡುವ ಎರಡ ತಿಂಗಳ ತಪ್ಪಿತಂದ್ರ ಹಕ್ಕಿ ಊರು ಬಿಟ್ಟು ಹೋಗ್ತಾವ.

ಹಿರಿಯ: ಹೋಗ್ಲಿ. ನಾ ಸಣ್ಣಾಂವ ಇದ್ದಾಗ ಇದೇ ತಿಂಗಳದಾಗ ಸಾಲಿ ಬಿಡಿಸಿ ಹೊಲಕ್ಕ ಕಳಸ್ತಿದ್ರು, ಹಕ್ಕಿ ಕಾಯಾಕ. ನಾಕ ಕಂಬದ ಮ್ಯಾಲ ಅಟ್ಟ, ಕೈಯಾಗ ಕವಣಿ, ಉಡಿಯಾಗ ಹರಳು. ಹೊತ್ತು ಹುಟ್ಟೂಕಿಂತ ಮೊದಲ ಅಟ್ಟ ಏರಿ ಕೂಡಬೇಕು. ಕರಿ ತಲಿ, ಗುಲಾಬಿ ಮೈಯ ಆ ಹಕ್ಕಿ ಹಿಂಡು ಬಂದು ಒಂದ ಸಲ ಕುಂತ್ವಂದ್ರ ಅಷ್ಟು ತೆನಿಯಾಗ ಹೊಟ್ಟು ಉಳೀತಿತ್ತು. ಅವು ಹೊಂಚು ಹಾಕತಿದ್ದದ್ದು ಎಲ್ಲಿ ಕುಂತು? ಇದೇ ಬಾರಿಕಂಟಿಯಾಗ. ನೀ ಅವಕ್ಕ ರೇಷನ್ ಕೊಡು ಅಂತೀ.

ಕಿರಿಯ: ಆ ಗುಲಾಬಿ ಕಬ್ಬಕ್ಕಿ ನಿಮ್ಮ ಕಂಟಿ ನಂಬಿ ಬರೂ ಹಕ್ಕಿ ಅಲ್ರಿ. ಅವು ಮರಿ ಮಾಡೂದು ಮಧ್ಯ ಏಷ್ಯಾದಾಗ, ಕಜಾಕಸ್ತಾನದ ಕಡೆ. ಮಳಿಗಾಲ ಮುಗಿಯೂ ಹೊತ್ತಿಗೆ ನಮ್ಮ ಕಡೆ ಬಂದು ಏಪ್ರಿಲ್ ತನಕ ಇರ್ತಾವ. ಕಂಟಿ ಕಡದ್ರೂ ಬರ್ತಾವ, ಜೋಳ ಇರೂತನಕ ಬರ್ತಾವ. ಆಲದ ಹಣ್ಣು, ಬಾರಿಹಣ್ಣು ಸಿಕ್ರ ಅರ್ಧ ಹೊಟ್ಟಿ ಅಲ್ಲೇ ತುಂಬ್ತೈತಿ. ಹಣ್ಣಿಲ್ಲಂದ್ರ ಪೂರಾ ಹೊಟ್ಟಿ ನಿಮ್ಮ ತೆನಿ ಮ್ಯಾಲ. ಚೀನಾದ ಸಿಂಜಿಯಾಂಗದಾಗ ಇದೇ ಹಕ್ಕಿಗೆ ಸರಕಾರದವರೇ ಗೂಡು ಕಟ್ಟಿ ಕೊಟ್ಟಾರ. ಮಿಡಚಿ ಹಾವಳಿ ಬಂದ್ರ ಇವು ತಿಂದು ಹಾಕ್ತಾವಂತ.

ಹಿರಿಯ: ಅಲ್ಲಿ ಮಿಡಚಿ ತಿಂದು ಇಲ್ಲಿ ಜೋಳ ತಿಂತಾವ. ಚೀನಾದವರಿಗೆ ಲಾಭ, ನಮಗ ಲುಕ್ಸಾನ. ಮತ್ತ ಅರ್ಧ ಹೊಟ್ಟಿ ಹಣ್ಣಿನಾಗ ತುಂಬ್ತೈತಿ ಅನ್ನೂದು ನೀ ಹಾಕಿದ ಲೆಕ್ಕ, ಹಕ್ಕಿ ಒಪ್ಪಿದ್ದಲ್ಲ. ಹಣ್ಣು ಐತಂತ ಹೆಚ್ಚ ಹಕ್ಕಿ ಬಂದ್ರ? ಊಟಕ್ಕ ಬಾರಿ, ಕೈ ತೊಳಿಯೂದರಾಗ ಜೋಳ ಅಂದ್ರ?

ಕಿರಿಯ: ಅದಕ್ಕ ನನ್ನ ಕಡೆ ಪಕ್ಕಾ ಉತ್ತರ ಇಲ್ಲ. ಆದ್ರ ಜೋಳದ್ದೊಂದ ಲೆಕ್ಕ ಹಿಡಿಬ್ಯಾಡ್ರಿ, ಕಡ್ಲಿದೂ ಹಿಡೀರಿ. ಕಾಯಿಕೊರಕ ಹುಳ ಬಿತ್ತಂದ್ರ ನೀವೇ ಹೊಲದಾಗ ಅಲ್ಲಲ್ಲಿ ಕವಲ ಕಟಗಿ ನಿಲ್ಲಸ್ತೀರಿ, ಹಕ್ಕಿ ಬಂದು ಕುಂತು ಹುಳ ಆರಸ್ಲಿ ಅಂತ. ಕೃಷಿ ಇಲಾಖೆಯವರೂ ಅದನ್ನೇ ಹೇಳ್ತಾರ. ಆ ಕಟಗಿ ಮ್ಯಾಲ ಕುಂಡ್ರೂ ಗೊರವಂಕ ಹಣ್ಣೂ ತಿಂತೈತಿ, ಹುಳಾನೂ ತಿಂತೈತಿ. ಪಿಕಳಾರ ತಾ ಹಣ್ಣು ತಿಂದ್ರೂ ಮರಿ ಬಾಯಾಗ ಹಾಕೂದು ಹುಳಾನೇ. ನಿಮಗ ಅವು ಬೇಕಾಗೂದು ಒಂದೂವರಿ ತಿಂಗಳ. ಉಳದ ದಿನ ಅವು ಏನು ತಿಂದು ಬದಕಬೇಕ್ರಿ?

ಹಿರಿಯ: ಕಟಗಿ ನಿಲ್ಲಸ್ತೀನಿ ಖರೇ, ಅದರ ಜೋಡಿ ಎರಡ ಸಲ ಎಣ್ಣಿನೂ ಹೊಡಿತೀನಿ. ಬರೇ ಹಕ್ಕಿ ನಂಬಿ ಕುಂತ ಒಕ್ಕಲಿಗನ್ನ ತೋರಿಸು, ನಾನೂ ಎಣ್ಣಿ ಬಿಡ್ತೀನಿ.

ಕಿರಿಯ: ಶೀಗಿ ಹುಣ್ಣಿವಿಗೆ, ಎಳ್ಳ ಅಮಾಸಿಗೆ ಹೊಲದ ತುಂಬ ಚರಗಾ ಚೆಲ್ತೀರಿ. ಅದು ಹಕ್ಕಿ ಕರಿಯೂ ಪದ್ಧತಿ ಅಲ್ಲೇನ್ರಿ?

ಹಿರಿಯ: ಅಲ್ಲ. ಭೂಮಿತಾಯಿ ಬಸರಿ ಅದಾಳಂತ ಶೀಗಿ ಹುಣ್ಣಿವಿಗೆ ಚೆಲ್ತೀವಿ. ಹಕ್ಕಿ ತಿಂದ್ರ ತಿನ್ಲಿ, ನಾವು ಕರದದ್ದು ಅವನ್ನಲ್ಲ. ನಿಮ್ಮಂಥ ಕಲತಾವರು ಬಂದು, ನಿಮ್ಮ ಹಿರಿಯರು ಎಷ್ಟು ಶ್ಯಾಣ್ಯಾರು, ಹುಳಾ ತಿನಸಾಕ ಹಕ್ಕಿ ಕರೀತಿದ್ರು ಅಂತ ಭಾಷಣ ಮಾಡ್ತೀರಿ. ಹಿರಿಯರು ಮಾಡಿದ್ದನ್ನ ಮಾಡ್ಯಾರ ಅನ್ರಿ. ಮಾಡದ್ದನ್ನ ಅವರ ತಲಿಗೆ ಕಟ್ಟಬ್ಯಾಡ್ರಿ.

ಕಿರಿಯ: ಒಪ್ಪಿದೆ. ಅವರು ಹಕ್ಕಿಗಂತ ಚೆಲ್ಲಲಿಲ್ಲ, ಆದ್ರ ಹಕ್ಕಿಗೆ ಮುಟ್ಟಿತು. ಈ ಬದುವಿಂದೂ ಹಂಗಾ ಇರಬೇಕು. ಇಲ್ಲಿ ಕಂಟಿ ಹಚ್ಚಿದವರು ಯಾರ್ರಿ?

ಹಿರಿಯ: ಯಾರೂ ಹಚ್ಚಿಲ್ಲ. ಬೇವು ಕಾಗಿ ಉಗುಳಿದ್ದು. ತೊಂಡಿ ಪಿಕಳಾರ ಹೇತದ್ದು. ಬಾರಿ ಬೀಜ ದೊಡ್ಡದು, ಪಿಕಳಾರದ ಗಂಟಲಾಗ ಇಳಿಯೂದಿಲ್ಲ, ಅದನ್ನ ನರಿ ತಿಂದು ಬಿಟ್ಟಿರಬೇಕು. ಹಿಂದ ಇಲ್ಲಿ ನರಿ ಭಾಳ ಇದ್ವು.

ಕಿರಿಯ: ಅಂದ್ರ ಕಾಗಿ, ಪಿಕಳಾರ, ನರಿ ಕೂಡಿ ಕೂಲಿ ಇಲ್ಲದ ನಿಮ್ಮ ಬದುವಿಗೆ ಬೇಲಿ ಹಾಕಿ ಕೊಟ್ಟಾವ.

ಹಿರಿಯ: ಕೂಲಿ ಇಲ್ಲದ ಆಳು ತಾ ಹೇಳಿದಲ್ಲಿ ಹಚ್ತೈತಿ, ನೀ ಹೇಳಿದಲ್ಲಲ್ಲ. ಹಳೇ ಗುಡಿ ಶಿಖರದಾಗ ಅರಳಿ ಹಚ್ತಾವ, ಬೇರು ಇಳಿದು ಕಲ್ಲು ಸೀಳ್ತಾವ. ಮನಿ ಮಾಳಗಿ ಮ್ಯಾಲ ಹಚ್ತಾವ. ಇನ್ನ ಗಂಧದ ಕತಿ ಕೇಳು. ಕೋಗಿಲಿ, ಪಿಕಳಾರ ಗಂಧದ ಹಣ್ಣು ನುಂಗಿ ಬೀಜ ಕಂಟಿಯಾಗ ಉಗುಳ್ತಾವ. ಗಂಧಕ್ಕೂ ಕಂಟಿನೇ ಬೇಕು, ಬಾಜೂ ಗಿಡದ ಬೇರಿಗೆ ತನ್ನ ಬೇರು ಹಚ್ಚಿ ಉಣ್ಣೂ ಜಾತಿ ಅದು. ನಿಮ್ಮ ಅಜ್ಜನ ಕಾಲಕ್ಕ ಈ ಬದುವಿನಾಗ ಗಂಧದ ಸಸಿ ಕಂಡ್ರ ಅಂವಾ ಅಲ್ಲೇ ಕಿತ್ತು ಒಗೀತಿದ್ದ. ಯಾಕಂತ ಕೇಳು.

ಕಿರಿಯ: ಯಾಕ್ರಿ?

ಹಿರಿಯ: ಹೊಲ ನಮ್ಮದಾದ್ರೂ ಗಂಧ ಸರಕಾರದ್ದು. ಬೆಳಿಸಿದ್ರ ಕಾಯಬೇಕು, ಕಳುವಾದ್ರ ಉತ್ತರ ಹೇಳಬೇಕು. ಹಕ್ಕಿ ಹಚ್ಚಿದ ಗಿಡಕ್ಕ ಒಕ್ಕಲಿಗ ಕಚೇರಿಗೆ ಅಡ್ಡ್ಯಾಡಬೇಕೇನು?

ಕಿರಿಯ: ಅದು ಹೋತಲ್ರಿ. 2001ರಾಗ ಅರಣ್ಯ ಕಾಯ್ದೆ ತಿದ್ದುಪಡಿ ಆತು. ಈಗ ಹೊಲದಾಗಿನ ಗಂಧ ಹೊಲದವರದೇ.

ಹಿರಿಯ: ಕಡಿಯಾಕ ಇವತ್ತೂ ಪರವಾನಗಿ ಬೇಕು, ರಾತ್ರಿ ಕಳ್ಳರನ್ನ ಕಾಯೂ ಕೆಲಸ ಇವತ್ತೂ ನಮ್ಮದೇ. ಕಾಯ್ದೆ ಸರಿ ಆಗಾಕ ಎರಡ ತಲಿಮಾರು ಬೇಕಾತು, ಅಷ್ಟರಾಗ ಗಂಧ ನಮ್ಮ ಬದು ಬಿಟ್ಟು ಕಪ್ಪತಗುಡ್ಡಕ್ಕ ಹೋತು. ನಾ ಹೇಳೂದೂ ಅದೇ. ಹಕ್ಕಿಗೆ ಗುಡ್ಡ ಐತಲ್ಲ! ಕವಳಿ, ಕಾರಿ, ಪರಗಿ, ತುಮರಿ ಎಲ್ಲಾ ಹಣ್ಣೂ ಅಲ್ಲಿ ಅದಾವ. ಹಕ್ಕಿ ಅಲ್ಲಿರ್ಲಿ, ಜೋಳ ಇಲ್ಲಿರ್ಲಿ. ಇಬ್ಬರದೂ ಜಾಗಾ ಬ್ಯಾರೆ ಮಾಡಿದ್ರ ಜಗಳಾ ಇಲ್ಲ.

ಕಿರಿಯ: ಗುಡ್ಡದ ಚರಿತ್ರಾ ನಿಮಗ ಗೊತ್ತೈತಿ.

ಹಿರಿಯ: ಗೊತ್ತೈತಿ. ನಾನೂ ಗದಗಿಗೆ ಧರಣಿಗೆ ಹೋಗಿದ್ದೆ.

ಕಿರಿಯ: 2015ರಾಗ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ರು, 2016ರಾಗ ಅದನ್ನ ವಾಪಸ್ ತಗೊಂಡ್ರು. ತೋಂಟದಾರ್ಯ ಮಠದ ಸಿದ್ಧಲಿಂಗ ಅಜ್ಜಾರು ಮುಂದ ನಿಂತು, ಜನ ಬೀದಿಗಿಳಿದ ಮ್ಯಾಲ 2017ರಾಗ ಮತ್ತ ಕೊಟ್ರು. 2019ರಾಗ ವನ್ಯಜೀವಿ ಧಾಮ ಆತು, ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲೂಕ ಕೂಡಿ 244 ಚದರ ಕಿಲೋಮೀಟರ್. ಒಂದ ಸಹಿಯಿಂದ ಬಂದದ್ದು ಇನ್ನೊಂದ ಸಹಿಯಿಂದ ಹೋಗಿತ್ತು. ಎಲ್ಲಾ ಹಣ್ಣೂ ಒಂದೇ ಗುಡ್ಡದಾಗ ಇಟ್ಟು ನಿಶ್ಚಿಂತಿ ಆಗಿ ಮಲಗಾಕ ನನಗ ಆಗೂದಿಲ್ರಿ. ಮತ್ತ ಅಲ್ಲಿ ಕವಳಿ ಹಣ್ಣಾಗೂದು ಬ್ಯಾಸಗಿ ಕಡೀಕ. ಅದು ಮುಗದ ಮ್ಯಾಲ ಹಕ್ಕಿ ತಿರಗಬೇಕು. ಗುಡ್ಡಕ್ಕೂ ನಮ್ಮೂರಿಗೂ ನಡುವ ಬದು ಎಲ್ಲಾ ಬೋಳಾದ್ರ ತಿರಗೂದು ಎಲ್ಲಿ ಕುಂತು, ಏನು ತಿಂದು? ಅಲ್ಲಿಯ ಬೀಜ ಇಲ್ಲಿಗೆ ಯಾರು ತರಬೇಕು?

ಹಿರಿಯ: ಹಕ್ಕಿಗಾಗಿ ಜಾಗಾ ಬಿಟ್ಟ ಊರಿನ ಪಾಡು ನೋಡಬೇಕಂದ್ರ ಮಾಗಡಿ ಕೆರಿಗೆ ಹೋಗು. ಚಳಿಗಾಲಕ್ಕ ಮಂಗೋಲಿಯಾ, ಟಿಬೆಟ್ಟದಿಂದ ಪಟ್ಟೆತಲಿ ಹೆಬ್ಬಾತು ಬರ್ತಾವ. ಕಾರ್ ತಗೊಂಡು, ಕ್ಯಾಮರಾ ತಗೊಂಡು ಮಂದಿ ಬರ್ತಾರ. 2024ರಾಗ ರಾಮ್ಸರ್ ಪಟ್ಟಿಗೂ ಸೇರ್ತು. ಆದ್ರ ಬಾತು ಹಗಲೆಲ್ಲಾ ನೀರಾಗ ಕುಂತು, ಹೊತ್ತು ಮುಳಗಿದ ಮ್ಯಾಲ ಮೇಯಾಕ ಹೋಗೂದು ಯಾರ ಹೊಲಕ್ಕ? ಸುತ್ತಿನ ಒಕ್ಕಲಿಗರ ಎಳೇ ಬೆಳಿಗೆ. ಫೋಟೋ ಒಬ್ಬರದು, ಬೆಳಿ ಇನ್ನೊಬ್ಬರದು. ನನ್ನ ಬದುವಿಗೂ ಅದೇ ಗತಿ ತರಬ್ಯಾಡ.

ಇಷ್ಟು ಹೊತ್ತಿಗೆ ಬುತ್ತಿಗಂಟು ಹೊತ್ತು ಚಿಗವ್ವ ಬಂದಳು. ರೊಟ್ಟಿ, ಪುಂಡಿಪಲ್ಲೆ, ಕೆಂಪು ಚಟ್ನಿ ಬಿಚ್ಚಿಟ್ಟಳು. ಬರುವಾಗಲೇ ಅವಳ ಸೆರಗಿನ ತುದಿಯಲ್ಲಿ ನಾಲ್ಕಾರು ಬಾರಿಹಣ್ಣು ಸೇರಿದ್ದವು.

ಚಿಗವ್ವ: ಆವಾಗಿಂದ ಕೇಳಕೋಂತ ಬಂದೆ. ಒಬ್ಬರು ಹಕ್ಕಿಗೆ ಬೇಕು ಅಂತೀರಿ, ಒಬ್ಬರು ಹಕ್ಕಿಗೆ ಬ್ಯಾಡ ಅಂತೀರಿ. ಆ ಕಂಟಿ ಇಷ್ಟು ವರ್ಷ ಉಳದದ್ದು ಹಕ್ಕಿ ಸಲುವಾಗಿ ಅಲ್ಲ, ನನ್ನ ಸಲುವಾಗಿ. ಒಲಿಗೆ ಉರವಲ ಅದರದು. ಹಿತ್ತಲಕ್ಕ ಮುಳ್ಳಬೇಲಿ ಅದರದು. ಕಣದ ಸುತ್ತ ದನಾ ಬರಬಾರದಂತ ಎಳದು ಹಾಕೂ ಮುಳ್ಳು ಅದರದು. ಆಡಿಗೆ ತಪ್ಪಲ ಅದರದು. ಸಂಕ್ರಾಂತಿಗೆ ಕೂಸಿನ ತಲಿ ಮ್ಯಾಲ ಚುರಮರಿ, ಕಬ್ಬಿನ ತುಂಡಿನ ಜೋಡಿ ಸುರಿಯಾಕ ಬಾರಿಹಣ್ಣು ಅದರದು. ಹತ್ತೂ ಕೆಲಸಕ್ಕ ಬೇಕಾಗಿತ್ತು, ಅದಕ್ಕ ನಿಮ್ಮ ಅಜ್ಜ ಕಡೀಲಿಲ್ಲ. ವರ್ಷಾ ನಾವು ಸವರತಿದ್ವಿ, ಅದಕ್ಕ ಎರಡ ಮೊಳದಾಗೇ ಇತ್ತು.

ಹಿರಿಯ: ಈಗ ಯಾಕ ಎಂಟ ಮೊಳ ಆತು ಅನ್ನೂದಕ್ಕ ಉತ್ತರಾನೂ ಅದೇ. ಸವರಾವರು ಯಾರೂ ಇಲ್ಲ.

ಚಿಗವ್ವ: ಯಾಕ ಸವರಬೇಕು? ಗ್ಯಾಸ್ ಬಂತು. ತಂತಿ ಬೇಲಿ ಬಂತು. ಮಶಿನ್ ಹೊಲಕ್ಕ ಬಂದು ರಾಶಿ ಮಾಡಿ ಹೋಗ್ತೈತಿ, ಕಣಾನೇ ಇಲ್ಲ. ಆಡು ಮಾರಿದ್ವಿ. ಸಂತಿಯಾಗ ದೊಡ್ಡ ದೊಡ್ಡ ಬಾರಿಹಣ್ಣು ಕಿಲೋಲೆಕ್ಕಾ ಸಿಗ್ತಾವ. ಮೊದಲ ಕಂಟಿಯಾಗ ನಾವೂ ಇದ್ವಿ, ಹಕ್ಕಿನೂ ಇದ್ವು. ಈಗ ನಾವು ಎದ್ದು ಹೊರಗ ಬಂದೀವಿ. ಹಕ್ಕಿ ಅಷ್ಟೇ ಉಳದಾವ.

ಕಿರಿಯ: ಚಿಗವ್ವ, ನಾ ಮುಂಜಾನಿಂದ ತಿಣಕ್ಯಾಡಿದ್ದನ್ನ ನೀ ಒಂದ ಉಸರಿಗೆ ಹೇಳಿದಿ. ಹಕ್ಕಿಗಂತ ಯಾರೂ ಏನೂ ಬಿಟ್ಟಿರಲಿಲ್ಲ. ನಮಗ ಬೇಕಾದದ್ದರಾಗ ಅವಕ್ಕ ಪಾಲು ಸಿಗತಿತ್ತು. ಈಗ ನಮಗ ಬ್ಯಾಡಾಗೈತಿ, ಬರೇ ಅವಕ್ಕಂತ ಬಿಡಬೇಕೋ ಬ್ಯಾಡೋ ಅಂತ ಕೇಳೂ ಪ್ರಸಂಗ ಬಂದೈತಿ. ಅಜ್ಜಗ ಈ ಪ್ರಶ್ನಿ ಬಿದ್ದಿರಲಿಲ್ಲ.

ಹಿರಿಯ: ಬಿದ್ದಿದ್ರ ಅಂವಾನೂ ಕಡೀತಿದ್ದ. ಅವನ ಕಾಲಕ್ಕ ಹದಿನಾರ ಎಕರೆ ಇತ್ತು. ಹಿಸ್ಸಾ ಆಗಿ ನನಗ ಬಂದದ್ದು ನಾಕ. ಹದಿನಾರ ಎಕರೆಗೆ ಸುತ್ತ ಒಂದ ಬದು, ಈಗ ನಾಕ ಹೊಲಕ್ಕ ನಾಕ ಕಡೆ ಬದು. ಹಿಸ್ಸಾ ಆದಂಗ ಬದು ಹೆಚ್ಚಾಗ್ತಾವ, ಹೊಲ ಸಣ್ಣ ಆಗ್ತೈತಿ. ನನಗ ಉಪಯೋಗ ಇಲ್ಲದ್ದನ್ನ ಹಕ್ಕಿಗಂತ ಇಟ್ಟುಕೊಳ್ಳೂ ಶ್ರೀಮಂತಿಕಿ ಈ ನಾಕ ಎಕರೆಗೆ ಇಲ್ಲ.

ಕಿರಿಯ: ಹಂಗಾದ್ರ ಉಪಯೋಗ ಹುಡುಕೋಣ್ರಿ. ಕವಳಿಕಾಯಿ ಉಪ್ಪಿನಕಾಯಿ ಆಕ್ಕೈತಿ. ಬಾರಿಹಣ್ಣು ಒಣಗಿಸಿ ಕುಟ್ಟಿ ಮಾರಬಹುದು. ಬೇವಿನ ಬೀಜಕ್ಕ ಗಿರಾಕಿ ಅದಾರ. ಬದುವಿನಿಂದ ನಾಕ ರೂಪಾಯಿ ಬಂದ್ರ ನೀವೂ ಕಡಿಯೂದಿಲ್ಲ.

ಹಿರಿಯ: ರೊಕ್ಕ ಬಂತಂದ್ರ ನಾ ಕಡಿಯೂದಿಲ್ಲ, ಖರೇ. ಆದ್ರ ಹಣ್ಣೂ ಬಿಡೂದಿಲ್ಲ. ಕಿಲೋಕ್ಕ ಇಷ್ಟು ಅಂತ ರೇಟ್ ಆದ ದಿನ ಕೆಳಗ ಗೋಣಿ ಹಾಸಿ, ಬಡಗಿ ತಗೊಂಡು ಬಡದು, ಒಂದ ಹಣ್ಣೂ ಉಳೀದಂಗ ಆರಸ್ತಾರ. ಆವಾಗ ಕಂಟಿ ಇರ್ತೈತಿ, ಹಕ್ಕಿಗೆ ಊಟ ಇರೂದಿಲ್ಲ. ನಿನ್ನ ಉಪಾಯದಾಗ ಹಕ್ಕಿ ಎಲ್ಲೈತಿ?

ಚಿಗವ್ವ: ಅಷ್ಟೂ ಆರಸಾಕ ಆಗೂದಿಲ್ಲ ಬಿಡ್ರಿ. ನಡುವಿನ ಹಣ್ಣಿಗೆ ಕೈ ಹಾಕಿದ್ರ ಮುಳ್ಳು ಅದಾವ, ತುದಿ ಹಣ್ಣಿಗೆ ಬಡಗಿ ಮುಟ್ಟೂದಿಲ್ಲ. ಕೆಳಗಿಂದಷ್ಟೇ ನಮ್ಮದು.

ಕಿರಿಯ: ಹಂಗಾದ್ರ ಮುಳ್ಳಿನ ಜಾತಿನೇ ಉಳಸಬೇಕು. ಸಂತಿಯ ಆ ದೊಡ್ಡ ಬಾರಿಹಣ್ಣು ಕಸಿ ಮಾಡಿದ್ದು. ತೋಟದವರು ಅದರ ಮ್ಯಾಲ ಬಲಿ ಮುಚ್ಚಿ ಕಾಯ್ತಾರ. ಹಕ್ಕಿಗೆ ಪಾಲು ಸಿಗೂದು ನಮ್ಮ ಈ ಜವಾರಿ ಕಂಟಿಯೊಳಗ ಮಾತ್ರ.

ಹಿರಿಯ: ಜವಾರಿ, ಜವಾರಿ ಅಂತ ಯಾಕ ಹಟ ಹಿಡೀತಿ? ಲಂಟಾನ ಹಣ್ಣು ಪಿಕಳಾರ ತಿಂತಾವ. ನಿಮ್ಮ ಸಾಲಿ ಅಂಗಳದಾಗ ಗಸಗಸಿ ಹಣ್ಣಿನ ಗಿಡ ಐತಿ, ಅದೂ ಅಮೆರಿಕದ ಕಡೀದು ಅಂತ ನೀನೇ ಹೇಳಿದ್ದಿ. ವರ್ಷಪೂರ್ತಿ ಹಣ್ಣು, ಗಿಡದ ತುಂಬ ಹಕ್ಕಿ. ಈ ಚಟ್ನಿಯಾಗಿನ ಮೆಣಸಿನಕಾಯಿನೂ ಹೊರಗಿಂದೇ.

ಕಿರಿಯ: ಮೆಣಸಿನಕಾಯಿ ಪೋರ್ಚುಗೀಸರ ಜೋಡಿ ಬಂತು, 500 ವರ್ಷ ಆತು. ಅದೂ ಹಕ್ಕಿಗಂತ ಹುಟ್ಟಿದ ಹಣ್ಣೇ ಐತ್ರಿ. ನಮ್ಮ ಬಾಯಿ ಉರೀತೈತಿ, ಇಲಿ ಬಾಯಿ ಉರೀತೈತಿ, ಹಕ್ಕಿಗೆ ಆ ಖಾರ ಹತ್ತೂದಿಲ್ಲ. ಇಲಿ ಬೀಜ ಕಡದು ಹಾಕ್ತೈತಿ, ಹಕ್ಕಿ ನುಂಗಿ ದೂರ ಒಯ್ದು ಹಾಕ್ತೈತಿ. ಅದಕ್ಕ ಗಿಡ ಹಂಗ ಖಾರ ಆಗೈತಿ.

ಹಿರಿಯ: ಹಂಗಾದ್ರ ಹೊರಗಿಂದು ಬ್ಯಾಡ ಅನ್ನೂ ಮಾತು ಬಿಡು.

ಕಿರಿಯ: ಮೆಣಸಿನಕಾಯಿ ನಾವು ಬಿತ್ತಿದಲ್ಲಿ ನಿಲ್ತೈತಿ. ಲಂಟಾನ ನಿಲ್ಲೂದಿಲ್ಲ. ಬ್ರಿಟಿಷರ ಕಾಲಕ್ಕ ಅದನ್ನ ಹೂವಿನ ಚಂದಕ್ಕಂತ ತೋಟದಾಗ ಹಚ್ಚಿದ್ರು. ಪಿಕಳಾರನೇ ತಿಂದು ತಿಂದು ದೇಶದ ಕಾಡಿಗೆಲ್ಲಾ ಹಬ್ಬಿಸಿದ್ವು. ಅದು ಬಂದಲ್ಲಿ ಹುಲ್ಲು ಹೋತು, ಕವಳಿ ಹೋತು, ಪರಗಿ ಹೋತು. ಮೂರ ನಮೂನಿ ಹಣ್ಣು ಇದ್ದಲ್ಲಿ ಒಂದೇ ನಮೂನಿ ಉಳೀತು. ಹಕ್ಕಿಗೆ ಇದು ನಮ್ಮದು, ಅದು ಪರದೇಶದ್ದು ಅನ್ನೂ ಭೇದ ಇಲ್ಲ. ಅದಕ್ಕ ಆ ಭೇದ ನೋಡೂ ಕೆಲಸ ನಮ್ಮ ಮ್ಯಾಲ ಬೀಳ್ತೈತಿ. ಗಸಗಸಿ ಹಣ್ಣಿನ ಗಿಡ ಅಂಗಳದಾಗ ಇರ್ಲಿ, ನನ್ನ ತಕರಾರಿಲ್ಲ.

ಹಿರಿಯ: ಇದು ಒಪ್ಪೂ ಮಾತು. ಬಳ್ಳಾರಿ ಜಾಲಿ ಕಾಯಿ ದನಾ ತಿಂದು ಹೊಲಕ್ಕೆಲ್ಲಾ ಹಬ್ಬಿಸಿದ್ದನ್ನ ನಾವೂ ಕಂಡೀವಿ. ಕಿತ್ತು ಕಿತ್ತು ಕೈ ಸೋತಾವ. ಆದ್ರ ನೀ ಹೇಳೂ ಹಣ್ಣಿನ ಗಿಡ ನನ್ನ ಬದುವಿನಾಗೇ ಯಾಕ? ಊರಿಗೆ ಹಳ್ಳ ಇಲ್ಲೇನು? ಸುಡುಗಾಡ ಇಲ್ಲೇನು? ಗಾಂವಠಾಣಾ, ರಸ್ತೇದ ದಂಡಿ, ಸಾಲಿ ಕಂಪೌಂಡ?

ಕಿರಿಯ: ಅಲ್ಲೂ ಬೇಕ್ರಿ. ಮೊದಲ ಹಳ್ಳದ ದಂಡಿಗೆ ಅತ್ತಿ, ಆಲ, ಬಸರಿ. ಈ ಜಾತಿಯೊಳಗ ಒಂದ ಚಮತ್ಕಾರ ಐತಿ. ಅದರ ಹೂವು ಕಾಯಿಯೊಳಗೇ ಇರ್ತೈತಿ. ಒಳಗ ಹೋಗಿ ಪರಾಗ ಮುಟ್ಟಿಸಾಕ ಒಂದೊಂದ ಜಾತಿಗೂ ತನ್ನದೇ ಸಣ್ಣ ಕಣಜ ಇರ್ತೈತಿ. ಆ ಕಣಜ ಬದುಕೂದು ಭಾಳ ಸ್ವಲ್ಪ ದಿನ. ಹಂಗಂತ ಎಲ್ಲಾ ಆಲ ಒಂದೇ ತಿಂಗಳದಾಗ ಕಾಯಿ ಬಿಟ್ರ ಮುಂದಿನ ತಿಂಗಳ ಕಣಜದ ವಂಶಾನೇ ಉಳಿಯೂದಿಲ್ಲ. ಅದಕ್ಕ ಈ ಗಿಡ ಇವತ್ತು, ಆ ಗಿಡ ಇನ್ನೊಂದ ತಿಂಗಳಿಗೆ. ಬ್ಯಾರೆ ಏನೂ ಹಣ್ಣಿಲ್ಲದ ಕಾಲಕ್ಕ ಹಸಿರು ಪಾರಿವಾಳ, ಕಂಚುಗಾರ, ಕೋಗಿಲಿ ಉಳಿಯೂದು ಇವುಗಳ ಮ್ಯಾಲ.

ಹಿರಿಯ: ಚಲೋ ಆತು. ಆದ್ರ ಹಚ್ಚಿದ ಸಸಿಗೆ ಎರಡ ಬ್ಯಾಸಗಿ ನೀರು ಯಾರು ಹಾಕ್ತಾರ? ವರ್ಷಾ ಜೂನ್ ಐದಕ್ಕ ಅದೇ ಗುಂಡಿ, ಹೊಸಾ ಸಸಿ, ಹೊಸಾ ಫೋಟೋ. ಮಾರ್ಚದಾಗ ನೋಡು, ಗುಂಡಿ ಐತಿ, ಸಸಿ ಇಲ್ಲ. ಇಲ್ಲಿ ಬೀಳೂ ಮಳಿ ವರ್ಷಕ್ಕ ಆರನೂರ ಮಿಲಿಮೀಟರ್ ಆಚೀಚೆ. ಹಚ್ಚಿದ್ದು ಬದುಕೂದು ಕಡಿಮಿ, ತಾನೇ ಹುಟ್ಟಿದ್ದು ಬದುಕೂದು ಹೆಚ್ಚು. ಹೊಸಾದು ಹಚ್ಚೂಕಿಂತ ಹುಟ್ಟಿದ್ದನ್ನ ಕಡೀದೇ ಇದ್ರ ಸಾಕು.

ಕಿರಿಯ: ನಿಮ್ಮ ಬಾಯಿಂದಾನೇ ಬಂತಲ್ರಿ ಕಾಕಾ!

ಹಿರಿಯ: ಹಳ್ಳಕ್ಕ ಹೇಳಿದೆ, ನನ್ನ ಬದುವಿಗಲ್ಲ.

ಚಿಗವ್ವ: ಅದೇ ನೆಲ, ಅದೇ ಮಳಿ.

ಹಿರಿಯ: ಹಳ್ಳದ ದಂಡಿಗೆ ಯಾರೂ ಜೋಳ ಬಿತ್ತೂದಿಲ್ಲ.

ಕಿರಿಯ: ಆತು, ಬಿತ್ತದ ಜಾಗಾನೇ ಹೊಲದೊಳಗ ಹುಡುಕೋಣು. ಕೃಷಿಭಾಗ್ಯದಾಗ ತಗಿಸಿದ ಹೊಂಡ ಐತಲ್ಲ, ಅದರ ಸುತ್ತ ಒಟ್ಟಿದ ಮಣ್ಣಿನ ದಿಣ್ಣಿ ಖಾಲಿ ಬಿದ್ದೈತಿ. ಅಲ್ಲಿ ಕವಳಿ, ಪರಗಿ ಬರ್ತಾವ.

ಹಿರಿಯ: ಬೇರು ಇಳಿದು ತಾಡಪತ್ರಿ ಹರೀತಂದ್ರ ಹೊಂಡದಾಗ ನೀರು ನಿಲ್ಲೂದಿಲ್ಲ. ಆವಾಗ ಉಳ್ಳಾಗಡ್ಡಿಗೆ ಒಂದ ಸಲ ಹಾಯಸೂ ನೀರಿಗೂ ಕುತ್ತು. ನೀ ಹೊಂಡದ ಮ್ಯಾಲಿಂದು ನೋಡ್ತಿ, ನಾ ಒಳಗಿಂದು ನೋಡಬೇಕು.

ಕಿರಿಯ: ದಿಣ್ಣಿ ಹೊರಬದಿಗೆ ಹಚ್ಚಿದ್ರ?

ಹಿರಿಯ: ಹೊರಬದಿಗೆ ಆದ್ರ ವಿಚಾರ ಮಾಡಬಹುದು. ಆದ್ರ ಅದು ಬೆಳಿಯಾಕ ಐದಾರ ವರ್ಷ ಬೇಕು, ಬದುವಿನ ಕಂಟಿ ಇವತ್ತೇ ಐತಿ ಅಂತ ಮತ್ತ ಇಲ್ಲಿಗೇ ಬರ್ತಿ. ಕೇಳು. ಕಡಿ ಅಂತ ನನಗ ಹೇಳೂದು ಬರೇ ನನ್ನ ಜೋಳ ಅಲ್ಲ. ಇದು ಬಡಗಣ ಬದು. ಹಿಂಗಾರಿಗೆ ಹೊತ್ತು ತೆಂಕಣಕ್ಕ ವಾಲಿರ್ತೈತಿ, ಕಂಟಿ ನೆರಳು ಪೂರಾ ಬಡಗಣದ ಹೊಲದ ಮ್ಯಾಲ ಬೀಳ್ತೈತಿ. ನನಗ ಬೇರಿನ ಕಾಟ, ಅವನಿಗೆ ನೆರಳಿನ ಕಾಟ. ಅಂವಾ ಎರಡ ವರ್ಷದಿಂದ ತಗಸು, ತಗಸು ಅಂತಾನ. ಹಕ್ಕಿ ಹಣ್ಣು ತಿಂದು ಹಾರಿ ಹೋಗ್ತಾವ. ಬಾಂದಿನ ಆಚೀಚೆ ಬಾಳೇ ಮಾಡಾವರು ನಾವು.

ಈ ಮಾತಿಗೆ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಾದರು. ನೆರಳು ಯಾವ ಕಡೆ ಬೀಳುತ್ತದೆಂಬುದನ್ನು ಪಾಠದಲ್ಲಿ ಪ್ರತಿವರ್ಷ ಹೇಳುತ್ತಾರೆ. ಅದರಿಂದ ಬಾಂದಿನ ಜಗಳ ಹುಟ್ಟುತ್ತದೆಂದು ಪಠ್ಯದಲ್ಲಿಲ್ಲ.

ಕಿರಿಯ: ಹಂಗಾದ್ರ ಪೂರಾ ತಗೀಬ್ಯಾಡ್ರಿ, ಪೂರಾ ಬಿಡೂದೂ ಬ್ಯಾಡ. ಚಿಗವ್ವ ಹೇಳಿದಂಗ ಮೊದಲ ಎರಡ ಮೊಳ ಇತ್ತಲ್ಲ, ಮೂರ ಮೊಳಕ್ಕ ತರೋಣು. ತಲಿ ಸವರಿ ಆಳೆತ್ತರ ಇಟ್ರ ನೆರಳು ಆಚೀ ಹೊಲಕ್ಕ ಭಾಳ ಹೋಗೂದಿಲ್ಲ. ನಿಮ್ಮ ಬದಿಗೆ ಉದ್ದಕ್ಕ ಒಂದ ಕಾಲುವಿ ಹೊಡಿಸಿ ಬೇರು ಕಡದ್ರ ನಾಕ ಸಾಲಿನಾಗ ಎರಡರೆ ಉಳೀತಾವ. ಜೆಸಿಬಿ ಹೆಂಗಿದ್ರೂ ಬರ್ತೈತಿ, ಕೀಳೂ ಬದಲಿ ಕಾಲುವಿ ಹೊಡೀಲಿ.

ಹಿರಿಯ: ಬಾರಿ ಬೇರು ಕಾಲುವಿಗೆ ಹೆದರೂ ಜಾತಿ ಅಲ್ಲ, ಅಡಿಗುಂಟ ಇಳಿದು ಆಚೀಗೆ ಏಳ್ತೈತಿ. ಮತ್ತ ವರ್ಷಾ ಸವರೂ ಕೂಲಿ? ಉಳಿಯದ ಎರಡ ಸಾಲು ಜೋಳ?

ಕಿರಿಯ: ಕೂಲಿ ನಾ ಕೊಡ್ತೀನಿ. ಎರಡ ಸಾಲಿನ ಜೋಳದ ರೊಕ್ಕಾನೂ ಕೊಡ್ತೀನಿ.

ಹಿರಿಯ: ನಿನ್ನ ಪಗಾರದಾಗ ನನ್ನ ಬದು ಹಕ್ಕಿ ಸಾಕ್ತೈತಿ ಅಂದಂಗಾತು. ನೀ ನಾಳೆ ಬ್ಯಾರೆ ಊರಿಗೆ ವರ್ಗ ಆದ್ರ? ಈ ಊರಾಗ ಎಷ್ಟು ಬದು ಅದಾವ, ಎಷ್ಟು ಮಂದಿಗೆ ಅಣ್ಣನ ಮಗ ಮಾಸ್ತರ ಅದಾನ? ಒಬ್ಬರ ಅಂತಃಕರಣದ ಮ್ಯಾಲ ಊರ ಬದು ನಿಲ್ಲೂದಿಲ್ಲ ತಮ್ಮಾ. ಹಕ್ಕಿ ಬೇಕು ಅನ್ನಾವರು ಎಲ್ಲಾರೂ ಕೂಡಿ ಲುಕ್ಸಾನ ಹಂಚಿಕೊಂಡ್ರ ಬ್ಯಾರೆ ಮಾತು.

ಕಿರಿಯ: ಎಲ್ಲಾರೂ ಕೂಡೂತನಕ ಕಾದ್ರ ಹಂಚಿಕೊಳ್ಳಾಕ ಕಂಟಿನೇ ಇರೂದಿಲ್ಲ. ಒಂದ ಹಿಂಗಾರಿ ಅವಕಾಶ ಕೊಡ್ರಿ. ಮುಂದಿನ ವರ್ಷ ಕಂಟಿ ಬಾಜೂಕೂ ಕಡ್ಲಿ ಹಾಕ್ರಿ, ಬಯಲ ತುದಿಗೂ ಕಡ್ಲಿ ಹಾಕ್ರಿ. ಎರಡೂ ಕಡೆ ಹುಳ ಕೊರದ ಕಾಯಿ ಎಷ್ಟು ಅಂತ ಎಣಸೋಣು. ಜೋಳದ ತೆನಿ ಹಕ್ಕಿ ತಿಂದದ್ದೂ ಎಣಸೋಣು. ಲುಕ್ಸಾನ ಹೆಚ್ಚಾದ್ರ ನಾ ಮತ್ತ ಬಾಯಿ ತೆಗಿಯೂದಿಲ್ಲ.

ಹಿರಿಯ: ಎಣಸಾವರು ಯಾರು?

ಕಿರಿಯ: ನಮ್ಮ ಸಾಲಿ ಹುಡುಗರನ್ನ ಕರಕೊಂಡು ಬರ್ತೀನಿ.

ಚಿಗವ್ವ: ಹುಡುಗರು ಬಂದ್ರ ಬಾರಿಹಣ್ಣು ಹಕ್ಕಿಗೂ ಉಳಿಯೂದಿಲ್ಲ, ನನಗೂ ಉಳಿಯೂದಿಲ್ಲ.

ಹಿರಿಯ: ಅರ್ಧಾ ಬದು ಈ ಸುಗ್ಗಿಗೆ ತಗಸ್ತೀನಿ, ಟ್ರ್ಯಾಕ್ಟರ್ ತಿರಗೂ ಕಡೀದು. ಉಳದ ಅರ್ಧಾ ನಿನ್ನ ಎಣಿಕಿ ಮುಗಿಯೂತನಕ ಇರ್ಲಿ. ಲೆಕ್ಕ ನಿನ್ನ ಕಡೆ ಬಂದ್ರೂ ನಾ ಪೂರಾ ಒಪ್ಪತೀನಂತ ತಿಳೀಬ್ಯಾಡ. ಒಂದ ವರ್ಷದ ಹುಳ ಇನ್ನೊಂದ ವರ್ಷ ಬರೂದಿಲ್ಲ.

ಕಿರಿಯ: ನನ್ನ ಕಡೆ ಬರಲಿಲ್ಲಂದ್ರೂ ನಾ ಪೂರಾ ಒಪ್ಪೂದಿಲ್ರಿ. ಹುಳ ತಿಂದ್ರ ಮಾತ್ರ ಹಕ್ಕಿಗೆ ಬದುಕೂ ಹಕ್ಕು ಅಂತ ನಾ ಎಲ್ಲೂ ಹೇಳಿಲ್ಲ.

ಹಿರಿಯ: ಅದನ್ನ ಮೊದಲೇ ಹೇಳಿದ್ರ ಮುಂಜಾನಿಂದ ಹುಳದ ಲೆಕ್ಕಾ ಕೇಳೂದು ತಪ್ಪತಿತ್ತು. ಇರ್ಲಿ. ಆದ್ರ ಬಡಗಣದ ಹೊಲದಾಂವಗ ಇನ್ನೊಂದ ವರ್ಷ ತಾಳು ಅಂತ ಹೇಳಾಕ ನಾ ಹೋಗೂದಿಲ್ಲ. ಅವನ ನೆರಳಿನ ಪಂಚಾಯ್ತಿ ನೀನೇ ಮುಗಿಸು. ಅಲ್ಲಿ ಕಜಾಕಸ್ತಾನ, ಚೀನಾ ಅಂತ ಸುರು ಮಾಡಬ್ಯಾಡ. ಎಷ್ಟು ಸಾಲು ಹೋಗ್ಯಾವ ಅಂತ ಮೊದಲ ಅವನ್ನ ಕೇಳು.